ಉಪ್ಪನ ನಜ್ರಾನ್

ಯಾರಾದರೂ ನಂಬಲಾಗದ ಮಾತು ಹೇಳಿದರೆ ಊರವರೆಲ್ಲ "ರೈಲು ಬಿಡಬೇಡ" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ "ನಜ್ರಾನ್ ಬಿಡಬೇಡ" ಅನ್ನುತ್ತೇವೆ. ಈ ಮಾತಿಗೆ ಕಾರಣ ನನ್ನ ಉಪ್ಪ, ಅಂದರೆ ಅಪ್ಪ. ಮದುವೆಯಾದ ಹೊಸದರಲ್ಲಿ ಅವರು ಸೌದಿಯ ದಕ್ಷಿಣದ ತುದಿಯಲ್ಲಿ, ಯೆಮನ್ ಗಡಿಯ ಹತ್ತಿರ, ನಜ್ರಾನ್ ಎಂಬ ಹೊಳೆದಂಡೆಯ ಊರಿನಲ್ಲಿ ಕೆಲವು ವರ್ಷ ದರ್ಜಿಯಾಗಿದ್ದರು. ಅರಬರ ಉದ್ದಂಗಿ ಹೊಲಿಯುವ ಕೆಲಸ. ವಾಪಸು ಬರುವಾಗ ಅವರು ದುಡ್ಡಿಗಿಂತ ಹೆಚ್ಚು ಕಥೆಗಳನ್ನು ತಂದರು ಎಂದು ನಮ್ಮ ಉಮ್ಮ, ಅಂದರೆ ಅಮ್ಮ, ಇವತ್ತಿಗೂ ಹೇಳುತ್ತಾರೆ.

ಕಥೆಗಳೂ ಹಾಗೇ ಇದ್ದವು ಬಿಡಿ. ಅಲ್ಲಿ ಏಳಂತಸ್ತಿನ ಮನೆಯಲ್ಲಿದ್ದೆ, ಅಡಿಯಿಂದ ಮುಡಿಯವರೆಗೆ ಬರೀ ಮಣ್ಣಿನದ್ದು, ಅನ್ನುತ್ತಿದ್ದರು. ಬಂಡೆಗಲ್ಲಿನ ಮೇಲೆ ಹಿಂದಿನ ಕಾಲದವರು ತಮ್ಮ ಅಂಗೈ ಕೆತ್ತಿಟ್ಟಿದ್ದಾರೆ, ಅನ್ನುತ್ತಿದ್ದರು. ಒಂದು ದಿನ ಮರಳಿನ ಮೇಲೆ ಇದ್ದಕ್ಕಿದ್ದಂತೆ ಹೊಳೆ ಬಂತು, ಖರ್ಜೂರದ ಮರ ಅರ್ಧ ಮುಳುಗುವಷ್ಟು. ಆ ನೀರಿಗೆ ಹಾರಿ ಮನೆಯವರ ಆಡನ್ನು ಹೆಗಲ ಮೇಲೆ ಹೊತ್ತು ತಂದೆ, ಅನ್ನುತ್ತಿದ್ದರು. ಆಡಿನ ಕಥೆಗೆ ಬಂದಾಗ ಅವರ ಎದೆ ಸ್ವಲ್ಪ ಮುಂದೆ ಬರುತ್ತಿತ್ತು.

ನಾವು ನೇತ್ರಾವತಿ ದಂಡೆಯವರು. ಮಣ್ಣಿನ ಗೋಡೆ ಮಳೆಗೆ ನೆನೆದು, ಉಬ್ಬಿ, ಒಂದು ಬೆಳಗ್ಗೆ ಸದ್ದಿಲ್ಲದೆ ಕುಸಿದು ಕೂರುವುದನ್ನು ಕಣ್ಣಾರೆ ಕಂಡವರು. "ಏಳಂತಸ್ತು ಮಣ್ಣಿನದ್ದಾ? ನಮ್ಮ ಕೋಳಿಗೂಡೇ ಆಟಿ ತಿಂಗಳ ಮಳೆಗೆ ಬಿದ್ದುಹೋಯ್ತಲ್ಲ" ಎಂದು ಉಮ್ಮ ನೆಂಟರೆದುರೇ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಮಕ್ಕಳಾದ ನಾವೂ ನಗುತ್ತಿದ್ದೆವು. ಉಪ್ಪ ಒಂದಷ್ಟು ವರ್ಷ ವಾದ ಮಾಡಿದರು. ಆಮೇಲೆ ನಜ್ರಾನಿನ ಮಾತೇ ನಿಲ್ಲಿಸಿದರು. ಅದು ನನಗೆ ಬೇಜಾರಿನ ವಿಷಯ ಅಂತ ಆಗ ಅನಿಸಿರಲಿಲ್ಲ, ಈಗ ಅನಿಸುತ್ತದೆ.

ನಾನು ಮದುವೆಯಾಗಿ ಸೌದಿಯ ಪೂರ್ವ ತೀರದ ದಮ್ಮಾಮಿಗೆ ಬಂದು ಬಹಳ ಕಾಲವಾಯಿತು. ಇವರು ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ನಾನು ಪಕ್ಕದ ಊರು ಖತೀಫಿನ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಮೇಜಿನ ಹಿಂದೆ ಕೂರುತ್ತೇನೆ. ಅಲ್ಲಿ ಕೂತು ನನಗೆ ಅರಬಿ ಬಂತು, ಮೊದಲೇ ಇದ್ದ ನೇರ ಬಾಯಿ ಇನ್ನೂ ನೇರವಾಯಿತು. ಡಾಕ್ಟರು ಎಷ್ಟು ಹೊತ್ತಿಗೆ ನೋಡುತ್ತಾರೆ ಎಂದು ಕೇಳಿದರೆ ಬೇರೆಯವರು "ಐದೇ ನಿಮಿಷ" ಅನ್ನುತ್ತಾರೆ. ನಾನು "ಊಟ ಮಾಡಿ ಬನ್ನಿ" ಅನ್ನುತ್ತೇನೆ. ಇದಕ್ಕೆ ಬೈಸಿಕೊಂಡದ್ದೂ ಇದೆ, ಆದರೆ ನಾನು ಹೇಳಿದ್ದು ಸುಳ್ಳಾಯಿತು ಎಂದು ಯಾರೂ ಬೈದಿಲ್ಲ.

ಕಳೆದ ಚಳಿಗಾಲದಲ್ಲಿ ಉಪ್ಪ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದರು. ಉಮ್ಮ ಮೊಣಕಾಲು ನೋವೆಂದು ಬರಲಿಲ್ಲ. ಬಂದ ಎರಡನೇ ವಾರ ಉಪ್ಪ ಚಹಾ ಕುಡಿಯುತ್ತಾ, ಯಾರಿಗೋ ಹೇಳುವ ಹಾಗೆ, "ನಜ್ರಾನಿಗೆ ಇಲ್ಲಿಂದ ರೋಡು ಉಂಟು" ಅಂದರು. ಇವರು ತಕ್ಷಣ "ಹೋಗುವ ಮಾಮ, ರಜೆ ಉಂಟು" ಅಂದುಬಿಟ್ಟರು. ನನ್ನ ಗಂಡನಿಗೆ ಕಾರು ಓಡಿಸಲು ಒಂದು ನೆಪ ಬೇಕು, ಅಷ್ಟೇ.

ಸುದ್ದಿ ಕೇಳಿ ಉಮ್ಮ ನನಗೆ ಫೋನ್ ಮಾಡಿದರು. "ಅವರು ತೆಗೆಯುವ ಫೋಟೋ ನನಗೆ ಬೇಡ. ಈಗ ಫೋನಿನಲ್ಲಿ ಎಂತ ಬೇಕಾದರೂ ಮಾಡಬಹುದಂತೆ. ನೀನು ನೋಡು. ನೀನು ಉಂಟು ಅಂದರೆ ಉಂಟು, ಇಲ್ಲ ಅಂದರೆ ಇಲ್ಲ. ಮತ್ತೆ ನಾನು ಆ ಮಾತು ಎತ್ತುದಿಲ್ಲ" ಎಂದರು. ಫೋನು ಸ್ಪೀಕರಿನಲ್ಲಿತ್ತು. ಉಪ್ಪ ಎದುರಿನ ಸೋಫಾದಲ್ಲೇ ಕೂತಿದ್ದರು. ಅವರ ಮುಖ ನೋಡಿದಾಗ ನನಗೆ ಈ ಪ್ರವಾಸ ಬರೀ ಪ್ರವಾಸವಲ್ಲ ಎಂದು ಗೊತ್ತಾಯಿತು. ಇಡೀ ಜೀವಮಾನ ಸುಳ್ಳುಗಾರ ಎನಿಸಿಕೊಂಡ ಮನುಷ್ಯನಿಗೆ ಒಬ್ಬ ಸಾಕ್ಷಿ ಸಿಕ್ಕಿದ್ದಳು, ಅವಳು ಮುಲಾಜಿಲ್ಲದವಳು ಬೇರೆ.

ದಮ್ಮಾಮಿನಿಂದ ರಿಯಾದ್ ದಾಟಿ, ದಾರಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಸಂಜೆ ನಜ್ರಾನ್ ಮುಟ್ಟಿದೆವು. ದಾರಿಯುದ್ದಕ್ಕೂ ಉಪ್ಪ ಹಿಂದೆ ಸರಿಯುತ್ತಾ ಬಂದರು. ರಿಯಾದ್ ದಾಟಿದ ಮೇಲೆ "ಆ ಮನೆ ಏಳಲ್ಲ, ಆರಂತಸ್ತು ಇದ್ದಿರಬಹುದು" ಅಂದರು. ಪೆಟ್ರೋಲ್ ಹಾಕಿಸುವಾಗ "ಈಗ ಎಲ್ಲ ಕೆಡವಿರ್ತಾರೆ" ಅಂದರು. ನಜ್ರಾನಿನ ಬೋರ್ಡು ಕಂಡಾಗ "ನೆನಪು ಅಂದರೆ ಹಾಗೇ ಮಗಳೇ, ಸ್ವಲ್ಪ ಹೆಚ್ಚುಕಮ್ಮಿ ಆಗ್ತದೆ" ಅಂದರು. "ಆಡೂ ಹೆಚ್ಚುಕಮ್ಮಿಯಾ?" ಎಂದು ಕೇಳಿದೆ. ಅವರು ಕಿಟಕಿಯಾಚೆ ನೋಡಿದರು.

ಮರುದಿನ ಬೆಳಗ್ಗೆ ಮೊದಲು ಹೋದದ್ದು ಗುಡ್ಡದ ಮೇಲಿರುವ ಆನ್ ಎಂಬ ಹಳೇ ಅರಮನೆಗೆ. ಕಾರಿನಿಂದ ಇಳಿದು ತಲೆ ಎತ್ತಿದವಳು ನಾನು ಹಾಗೇ ನಿಂತೆ. ಬಂಡೆಯ ಮೇಲೆ ಬಂಡೆಯದ್ದೇ ಬಣ್ಣದ ಕಟ್ಟಡ, ಅಂತಸ್ತಿನ ಮೇಲೆ ಅಂತಸ್ತು, ಕಿಟಕಿಗಳ ಸುತ್ತ ಸುಣ್ಣದ ಬಿಳಿ ಪಟ್ಟಿ. ಎಲ್ಲ ಮಣ್ಣು. ಉಗುರಿನಿಂದ ಕೆರೆದೂ ನೋಡಿದೆ, ಒಳಗೆ ಸಿಮೆಂಟು ಇದ್ದರೆ ಎಂದು. ಅಲ್ಲಿದ್ದ ಕಾವಲುಗಾರ ನೋಡಿ ಬೈಯಲಿಲ್ಲ, ಗೋಡೆಯ ಮೇಲಿನ ಅಡ್ಡ ಗೆರೆಗಳನ್ನು ತೋರಿಸಿದ. ಮನೆಯ ಸುತ್ತ ಒಂದು ಸುತ್ತು ಮಣ್ಣು ಹಾಕುತ್ತಾರೆ, ಅದು ಒಣಗಿ ಕಲ್ಲಾಗುವವರೆಗೆ ಕಾಯುತ್ತಾರೆ, ಆಮೇಲೆ ಅದರ ಮೇಲೆ ಇನ್ನೊಂದು ಸುತ್ತು. ಅವಸರ ಮಾಡಿದರೆ ಬೀಳುತ್ತದೆ ಎಂದ.

"ಉಪ್ಪ, ಮಣ್ಣಿನ ಮನೆ ಉಂಟು" ಎಂದೆ.

"ನಾನು ಎಂತ ಹೇಳಿದ್ದೆ?" ಎಂದರು. ಧ್ವನಿ ಸಣ್ಣದಾಗಿತ್ತು, ಆದರೆ ಗುಡ್ಡ ಇಳಿಯುವಾಗ ಇವರ ಕೈ ಹಿಡಿಯದೆ ಇಳಿದರು.

ಅಲ್ಲಿಂದ ಉಖ್ದೂದಿಗೆ ಹೋದೆವು. ಹಳೇ ಪಟ್ಟಣವೊಂದು ಬಿದ್ದು ಬಯಲಾದ ಜಾಗ. ಕುರ್‌ಆನಿನಲ್ಲಿ ಬರುವ, ನಂಬಿಕೆ ಬಿಡದವರನ್ನು ಬೆಂಕಿಯ ಕಂದಕಕ್ಕೆ ದೂಡಿದ ಊರು ಇದೇ ಎಂದು ಇಲ್ಲಿಯವರು ಹೇಳುತ್ತಾರೆ. ಉಪ್ಪ ಟೋಪಿ ಸರಿಮಾಡಿಕೊಂಡರು. ಆಮೇಲೆ ದಾರಿ ತಿಳಿದವರ ಹಾಗೆ ಕಲ್ಲಿನ ಗೋಡೆಗಳ ನಡುವೆ ಸರಸರನೆ ನಡೆದು ಒಂದು ಕಡೆ ನಿಂತು ನನ್ನನ್ನು ಕರೆದರು. ಕಲ್ಲಿನ ಮೇಲೆ ಒಂದು ಅಂಗೈ ಕೆತ್ತಿದ್ದರು, ಐದು ಬೆರಳೂ ಸ್ಪಷ್ಟವಾಗಿ. ಸ್ವಲ್ಪ ಆಚೆ ಕುದುರೆ, ಅದರಾಚೆ ಹಾವು. ಇವರು ಫೋಟೋ ತೆಗೆದರು. ನಾನು ತೆಗೆಯಲಿಲ್ಲ, ನನ್ನ ಕೆಲಸ ನೋಡುವುದಾಗಿತ್ತು.

ಮಧ್ಯಾಹ್ನ ಹೊಳೆ. ಇಲ್ಲಿ ಉಪ್ಪನ ಅದೃಷ್ಟ ಕೈಕೊಟ್ಟಿತು. ನೇತ್ರಾವತಿಗಿಂತ ಅಗಲದ ಪಾತ್ರ, ಆಚೆ ಈಚೆ ಖರ್ಜೂರದ ತೋಟ, ನಡುವೆ ಬರೀ ಮರಳು. ಮರಳಿನ ಮೇಲೆ ಯಾರದೋ ಪಿಕಪ್ ನಿಂತಿತ್ತು, ಅದರ ನೆರಳಿನಲ್ಲಿ ಒಂದು ಸಂಸಾರ ಚಾಪೆ ಹಾಸಿ ಊಟ ಮಾಡುತ್ತಿತ್ತು. ಮೇಲೆ ಅಣೆಕಟ್ಟು ಕಟ್ಟಿದ್ದಾರೆ, ಮಳೆ ಬಂದರೂ ನೀರು ಅಲ್ಲೇ ನಿಲ್ಲುತ್ತದೆ ಎಂದು ಅವರು ಹೇಳಿದರು.

"ಹೊಳೆಯೂ ನಮ್ಮ ಹಾಗೆ ಎಕ್ಸಿಟ್ ರೀ-ಎಂಟ್ರಿ ವೀಸಾ ಹೊಡೆಸಿಕೊಂಡು ರಜೆಗೆ ಹೋಗಿರಬೇಕು ಮಾಮ" ಎಂದರು ಇವರು. ನಾನು ನಕ್ಕೆ. ಉಪ್ಪ ನಗಲಿಲ್ಲ. ಚಪ್ಪಲಿ ಕಳಚಿ ಮರಳಿನ ನಡುವಿಗೆ ಹೋಗಿ ನಿಂತರು. "ಇಲ್ಲಿಂದ ಅಲ್ಲಿಯವರೆಗೆ ಇತ್ತು ನೀರು" ಎಂದು ಎರಡೂ ಕೈ ಚಾಚಿ ತೋರಿಸಿದರು. ಆ ಸಂಸಾರದವರು ತಿನ್ನುವುದು ಬಿಟ್ಟು ಅವರನ್ನೇ ನೋಡುತ್ತಿದ್ದರು. ಹೊಳೆಯೇ ಇಲ್ಲ ಎಂದು ಉಮ್ಮನಿಗೆ ಹೇಗೆ ಹೇಳುವುದು?

"ಆ ಮನೆಯವರನ್ನು ಕೇಳುವ" ಎಂದೆ. "ನೀವಿದ್ದ ಮನೆಯವರು ಹೇಳಿದರೆ ನಾನು ಕಣ್ಣಿಂದ ಕಂಡ ಹಾಗೆಯೇ ಲೆಕ್ಕ."

ಉಪ್ಪನಿಗೆ ಖುಷಿಯಾಗಬೇಕಿತ್ತು. ಆದರೆ "ಅವರೆಲ್ಲ ಈಗ ಎಲ್ಲಿದ್ದಾರೋ, ಬಿಡು" ಎಂದರು. ನನಗೆ ಅದು ವಿಚಿತ್ರ ಅನಿಸಿತು, ಆದರೆ ಬಿಡುವವಳಲ್ಲ ನಾನು.

ಸಂಜೆ ಹಳೇ ಪೇಟೆಗೆ ಹೋದೆವು. ಸೊಂಟಕ್ಕೆ ಸಿಕ್ಕಿಸುವ ಬಾಗಿದ ಕಠಾರಿಗಳ ಅಂಗಡಿಗಳು, ಚರ್ಮದ ಚೀಲಗಳು, ಕಲ್ಲು ಕೊರೆದು ಮಾಡಿದ ಅಡುಗೆಯ ಪಾತ್ರೆಗಳು. ಕಠಾರಿಯ ಒರೆಗೆ ಬೆಳ್ಳಿ ತಂತಿ ಸುತ್ತುತ್ತಿದ್ದ ಒಬ್ಬ ಮುದುಕನನ್ನು ನಾನೇ ಕೇಳಿದೆ: ಬಹಳ ಹಿಂದೆ ಇಲ್ಲೊಬ್ಬ ಹಿಂದಿ ದರ್ಜಿ, ಅಂದರೆ ಇಂಡಿಯಾದವರು, ಇದ್ದರು, ಹೊಳೆ ಹತ್ತಿರದ ಮಣ್ಣಿನ ಮನೆಯ ಕೆಳಗಿನ ಕೋಣೆಯಲ್ಲಿ, ನೆನಪುಂಟಾ? ಮುದುಕ ಉಪ್ಪನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ತಂತಿ ಕೆಳಗಿಟ್ಟು ಯಾರಿಗೋ ಫೋನ್ ಮಾಡಿದ. ನಮಗೆ ಕೊಟ್ಟ ಕಾಫಿ ಮುಗಿಯುವ ಮೊದಲೇ ಒಂದು ಪಿಕಪ್ ಬಂದು ನಿಂತಿತು.

ಇಳಿದವನು ಉಪ್ಪನದ್ದೇ ವಯಸ್ಸಿನ, ಬಿಳಿ ಗಡ್ಡದ, ಸೊಂಟದಲ್ಲಿ ಕಠಾರಿಯಿದ್ದ ಮನುಷ್ಯ. ಉಪ್ಪ ಇದ್ದ ಮನೆಯ ಯಜಮಾನನ ಮಗ, ಈಗ ಅವನೇ ಯಜಮಾನ. ಉಪ್ಪನನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಬಿಟ್ಟವನೇ ಆಕಾಶದ ಕಡೆ ಬೆರಳು ತೋರಿಸಿ, "ಈಗಲೂ ತಾರಸಿ ಹತ್ತುತ್ತೀಯಾ?" ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಉಪ್ಪ ಕೆಮ್ಮಿದರು. "ಯಲ್ಲಾ, ಯಲ್ಲಾ, ಹೊರಡು" ಎಂದು ಅವನನ್ನು ಪಿಕಪ್ಪಿನ ಕಡೆ ನೂಕಿದರು.

ಅವನ ಮನೆ ಈಗ ಸಿಮೆಂಟಿನದ್ದು. ಆದರೆ ಪಕ್ಕದಲ್ಲೇ ಹಳೆಯ ಮಣ್ಣಿನ ಮನೆಯನ್ನೂ ಉಳಿಸಿಕೊಂಡಿದ್ದಾನೆ. ನಾನು ಅಂತಸ್ತು ಎಣಿಸಿದೆ. ನಾಲ್ಕು. ಉಪ್ಪನ ಕಡೆ ನೋಡಿದೆ. "ಆಗ ನಾನು ಸಣಕಲ, ದೊಡ್ಡದಾಗಿ ಕಾಣ್ತಿತ್ತು" ಎಂದರು.

ಗಂಡಸರು ಮುಂದಿನ ಕೋಣೆಯಲ್ಲಿ ಕೂತರು. ನನ್ನನ್ನು ಒಳಗೆ ಹೆಂಗಸರ ಕಡೆ ಕಳಿಸಿದರು. ಯಜಮಾನನ ಹೆಂಡತಿ ದಿಂಬಿಗೆ ಒರಗಿ ಕೂತಿದ್ದರು, ಕಣ್ಣಿಗೆ ಕಾಡಿಗೆ ಹಚ್ಚಿದ, ಬಾಯಿ ತುಂಬ ನಗುವ ಅಜ್ಜಿ. ನನ್ನ ಎರಡೂ ಕೆನ್ನೆ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ನನ್ನ ಉಮ್ಮನ ಹೆಸರು ಹೇಳಿ, "ಅವಳ ಮಗಳಲ್ಲವೇ ನೀನು? ಅವಳು ಹೇಗಿದ್ದಾಳೆ?" ಎಂದು ಕೇಳಿದರು.

ಆ ಹೆಸರು ಇವರಿಗೆ ಗೊತ್ತಾಗುವ ದಾರಿಯೇ ಇಲ್ಲ. ನಮ್ಮ ಕಡೆ ಹಿಂದಿನವರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವವರಲ್ಲ. ಉಪ್ಪ ಉಮ್ಮನನ್ನು "ಓಯ್" ಅನ್ನುತ್ತಾರೆ, ಸಿಟ್ಟು ಬಂದರೆ "ಇವಳೇ" ಅನ್ನುತ್ತಾರೆ. ಉಮ್ಮನ ಹೆಸರು ಉಪ್ಪನ ಬಾಯಲ್ಲಿ ನಾನು ಹುಟ್ಟಿದ ಮೇಲೆ ಒಮ್ಮೆಯೂ ಕೇಳಿಲ್ಲ. ನಜ್ರಾನಿನಲ್ಲಂತೂ ಇದು ಇನ್ನೂ ಬಿಗಿ. ಅಲ್ಲಿ ಗಂಡಸು ನಾಲ್ಕು ಜನರೆದುರು ಮನೆಯ ಹೆಂಗಸಿನ ಹೆಸರು ಎತ್ತಿದರೆ ಮರ್ಯಾದೆಯೇ ಹೋಯಿತು.

"ನಮ್ಮ ಓಣಿಯ ಹೆಂಗಸರಿಗೆಲ್ಲ ಗೊತ್ತು ಆ ಹೆಸರು" ಎಂದು ಅಜ್ಜಿ ನಕ್ಕರು. ಬಿಸಿ ರೊಟ್ಟಿಯ ಮೇಲೆ ತುಪ್ಪ, ಜೇನು ಸುರಿದು ನನ್ನ ಮುಂದಿಟ್ಟು ಕಥೆ ಹೇಳಿದರು.

ಅವರು ಆಗ ಹೊಸ ಸೊಸೆ. ಅಣೆಕಟ್ಟು ಇರಲಿಲ್ಲ. ಒಂದು ಮಧ್ಯಾಹ್ನ ಬೆಟ್ಟದ ಕಡೆ ಮಳೆಯಾಗಿ ಹೊಳೆ ಬಂತು. ಖರ್ಜೂರದ ತೋಟ ಮುಳುಗಿತು, ಮನೆಯ ಮೂರು ಕಡೆ ನೀರು ಸುತ್ತಿತು. ಮನೆಯವರಿಗೆ ಅದು ಹೊಸದಲ್ಲ. ಕೆಳಗೆ ಕಲ್ಲಿನ ಅಡಿಪಾಯ ಇದೆ, ಸಂಜೆಯೊಳಗೆ ನೀರು ಇಳಿಯುತ್ತದೆ ಎಂದು ಮೇಲಿನ ಅಂತಸ್ತಿನಲ್ಲಿ ಕಾಫಿ ಮಾಡುತ್ತಾ ಕೂತಿದ್ದರು. ಹಿಂದಿ ದರ್ಜಿ ಮಾತ್ರ ಎಲ್ಲರನ್ನೂ ದಾಟಿಕೊಂಡು ತಾರಸಿಗೆ ಓಡಿದ. ಮಣ್ಣಿನ ಮನೆ, ಸುತ್ತ ನೀರು. ಅವನ ಊರಿನ ಬುದ್ಧಿಗೆ ಆ ಮನೆ ಕರಗಲೇಬೇಕು.

"ನಮ್ಮವರು ಎಷ್ಟು ಹೇಳಿದರೂ ಕೇಳಲಿಲ್ಲ. ಮನೆ ಈಗ ಬೀಳುತ್ತದೆ, ನೀವೂ ಮೇಲೆ ಬನ್ನಿ ಎಂದು ನಮ್ಮನ್ನೇ ಕರೆದ. ಆಮೇಲೆ ತುದಿಯಲ್ಲಿ ಕೂತು ಪೂರ್ವಕ್ಕೆ, ತನ್ನ ಊರಿನ ಕಡೆ, ಮುಖ ಮಾಡಿ ಅಳಲು ಶುರು ಮಾಡಿದ. ಅಳುತ್ತಾ ಅವಳ ಹೆಸರು ಕೂಗಿದ. ಒಂದು ಸಲ ಅಲ್ಲ, ನೀರು ಇಳಿಯುವವರೆಗೂ. ನಾವು ಸೊಸೆಯಂದಿರು ಮೆಟ್ಟಿಲ ಮರೆಯಲ್ಲಿ ನಿಂತು ಕೇಳಿದೆವು. ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ನಮ್ಮ ಅತ್ತೆ ರೊಟ್ಟಿ ತೆಗೆದುಕೊಂಡು ಮೇಲೆ ಹೋಗಿ, ಈ ಮನೆ ನನ್ನ ಮಾವನ ಕಾಲದಿಂದ ಹೊಳೆ ನೋಡಿದೆ, ತಿನ್ನು ಮಗನೇ, ಎಂದು ಹೇಳಿ ಅಲ್ಲೇ ಕೂತರು."

"ಆಡು?" ಎಂದು ಕೇಳಿದೆ.

"ಯಾವ ಆಡು? ಆಡುಗಳು ನಮ್ಮ ಜೊತೆ ಮೇಲೇ ಇದ್ದವು."

ಅಜ್ಜಿ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿ ಹೇಳಿದರು. "ಆ ವಾರ ಈ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಗಂಡನನ್ನು ಕೇಳಿದೆವು, ಮನೆ ಬಿದ್ದರೆ ನೀನು ಯಾರ ಹೆಸರು ಕೂಗುತ್ತೀಯ ಅಂತ. ಯಾರೂ ಬಾಯಿ ಬಿಡಲಿಲ್ಲ. ನನ್ನವನು ಇವತ್ತಿಗೂ ಬಿಟ್ಟಿಲ್ಲ."

ನಗುವೂ ಬರುತ್ತಿತ್ತು, ಕಣ್ಣೂ ತುಂಬುತ್ತಿತ್ತು. ನನ್ನ ಉಪ್ಪನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದದ್ದಿಲ್ಲ.

ಹೊರಗೆ ಬಂದಾಗ ಉಪ್ಪ ಅಂಗಳದಲ್ಲಿ ಕಾರಿನ ಹತ್ತಿರ ನಿಂತಿದ್ದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

"ಹೆಂಗಸರು ಎಂತ ಹೇಳಿದರು?"

"ಎಲ್ಲ ಹೇಳಿದರು."

ಉಪ್ಪ ನೆಲ ನೋಡಿದರು. "ಮನೆ ಉಂಟು ಅಂತ ಹೇಳು. ಕೈ ಉಂಟು ಅಂತ ಹೇಳು. ಹೊಳೆ ಬಂದದ್ದೂ ಸತ್ಯ ಅಂತ ಗೊತ್ತಾಯ್ತಲ್ಲ. ಆಡಿನದ್ದೊಂದು ಬಿಟ್ಟುಬಿಡು ಮಾರಾಯ್ತಿ. ನೇತ್ರಾವತಿ ಈಜಿದವ ಮಣ್ಣಿನ ಮನೆ ಮೇಲೆ ಕೂತು ಅತ್ತ ಅಂತ ಗೊತ್ತಾದರೆ ನಿನ್ನ ಉಮ್ಮ ನನ್ನನ್ನು ಇಟ್ಟುಕೊಳ್ಳುದಿಲ್ಲ."

"ಕೇಳಿದ್ದಕ್ಕೆ ಹೇಳ್ತೇನೆ" ಎಂದೆ.

ಉಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ಕಾಯುತ್ತಲೇ ಇದ್ದರು ಅಂತ ಕಾಣುತ್ತದೆ, ಒಂದೇ ರಿಂಗಿಗೆ ಎತ್ತಿದರು. ಮಣ್ಣಿನ ಮನೆ ಉಂಟು ಎಂದೆ. "ಏಳಂತಸ್ತಾ?" "ನಾಲ್ಕು. ಆದರೆ ಅರಮನೆ ಇನ್ನೂ ದೊಡ್ಡದುಂಟು." ಕಲ್ಲಿನ ಮೇಲೆ ಕೈ ಉಂಟು ಎಂದೆ. ಹೊಳೆ ಬಂದದ್ದು ಸತ್ಯ, ನೋಡಿದವರೇ ಹೇಳಿದರು ಎಂದೆ. ಉಪ್ಪ ಖರ್ಜೂರದ ಮರಗಳನ್ನು ನೋಡುತ್ತಾ, ಕಿವಿ ಮಾತ್ರ ನನ್ನ ಕಡೆ ಕೊಟ್ಟು ನಿಂತಿದ್ದರು.

"ಹಾಗಾದರೆ ಆಡು?" ಎಂದರು ಉಮ್ಮ.

"ಅದು ಸುಳ್ಳು" ಎಂದೆ.

ಉಪ್ಪನ ಭುಜ ಇಳಿಯಿತು.

"ನೀರಿಗೆ ಇಳಿಯಲೇ ಇಲ್ಲ ಉಮ್ಮ. ಮನೆ ಕರಗ್ತದೆ ಅಂತ ಹೆದರಿ ತಾರಸಿ ಮೇಲೆ ಕೂತು ಅತ್ತರಂತೆ. ಅಳ್ತಾ ನಿನ್ನ ಹೆಸರು ಕೂಗಿದರಂತೆ, ನೀರು ಇಳಿಯುವವರೆಗೂ. ಇಲ್ಲಿಯ ಹೆಂಗಸರಿಗೆಲ್ಲ ಇವತ್ತಿಗೂ ನಿನ್ನ ಹೆಸರು ಗೊತ್ತುಂಟು."

ಫೋನ್ ಕಟ್ಟಾಯಿತೇನೋ ಎಂದು ನಾನು ಪರದೆ ನೋಡಿದೆ. ಕಟ್ಟಾಗಿರಲಿಲ್ಲ.

"ನನ್ನ ಹೆಸರು ಅಲ್ಲಿಯವರಿಗೆ ನೆನಪುಂಟಾ?" ಎಂದು ಉಮ್ಮ ಕೇಳಿದರು. ಆಮೇಲೆ "ಉಪ್ಪನಿಗೆ ಕೊಡು" ಎಂದರು.

ಉಪ್ಪ ಎರಡೂ ಕೈಯಲ್ಲಿ ಫೋನ್ ಹಿಡಿದರು. ಸ್ಪೀಕರ್ ಆರಿಸಲು ಅವರಿಗೆ ಬರುವುದಿಲ್ಲ. ಹಾಗಾಗಿ ಉಮ್ಮ ಅಂದದ್ದು ನಮಗೂ ಕೇಳಿಸಿತು. "ಒಮ್ಮೆ ಕರೆಯಿರಿ, ಕೇಳುವ."

ಉಪ್ಪ ನಮ್ಮ ಕಡೆ ನೋಡಿದರು, ಹಿಂದೆ ನಿಂತಿದ್ದ ಮನೆಯ ಯಜಮಾನನ ಕಡೆ ನೋಡಿದರು. ಕೊನೆಗೆ ಫೋನನ್ನು ಬಾಯಿಗೆ ತಾಗಿಸಿಕೊಂಡು, ತುಟಿಯೊಳಗೇ ಕರೆದರು.

"ಕೇಳುದಿಲ್ಲ" ಎಂದರು ಉಮ್ಮ. "ಅಲ್ಲಿಂದ ಇಲ್ಲಿಗೆ ಕೇಳುವ ಹಾಗೆ ಕರೆಯಿರಿ."

ಎರಡನೇ ಸಲ ಉಪ್ಪ ಎಷ್ಟು ಗಟ್ಟಿಯಾಗಿ ಕರೆದರೆಂದರೆ, ಕಠಾರಿ ಸಿಕ್ಕಿಸಿಕೊಂಡ ಆ ಯಜಮಾನ ನಾಚಿ, ತಲೆ ತಗ್ಗಿಸಿ, ಗೋಡೆಯ ಕಡೆ ತಿರುಗಿ ನಿಂತ.